ಆರ್ಲಿಸ್ ಹೊಲಿದ ಕೌದಿಗಳ ಗಡ್ಡ

ನನ್ನ ಮಗಳು ತನ್ನ ಕೌದಿಯನ್ನು ಸ್ವಲ್ಪಸ್ವಲ್ಪವಾಗಿ ತಿಂದು ಮುಗಿಸುತ್ತಿದ್ದಾಳೆಯೇ ಎಂಬ ಚಿಂತೆ ನನ್ನನ್ನು ಬಿಟ್ಟು ಹೋಗುತ್ತಿರಲಿಲ್ಲ.

ಸಿಗ್ನಿ ಆಗತಾನೇ ಅಂಬೆಗಾಲಿಡಲು ಕಲಿತಿದ್ದಳು. ಮಲಗುವುದು, ಉರುಳುವುದು, ಮೂತಿ ಉಜ್ಜುವುದು ಎಲ್ಲ ಅಜ್ಜಿ ಕೊಟ್ಟ ಕಡುನೀಲಿ ಕೌದಿಯ ಮೇಲೆಯೇ. ನಿದ್ದೆಯಿಂದೆದ್ದಾಗ ಅವಳ ಮುಷ್ಟಿ ಬಿಡಿಸಿದರೆ ಒಳಗೊಂದು ಬಿಳಿ ಎಳೆ. ತುಟಿಯ ಮೂಲೆಯಲ್ಲೊಂದು. ಒಂದು ದಿನ ಡೈಪರಿನಲ್ಲಿಯೂ ಒಂದು ಸಿಕ್ಕಿತು. ಹೊರಗೆ ಬಂದದ್ದು ಇಷ್ಟಾದರೆ ಒಳಗೆ, ಆ ಅಂಗೈಯಗಲದ ಶ್ವಾಸಕೋಶದಲ್ಲಿ, ಇನ್ನೆಷ್ಟಿರಬಹುದು? ಕ್ಲಿನಿಕ್ಕಿಗೆ ಹೊತ್ತುಕೊಂಡು ಓಡಿದೆ. ಮಿನೆಸೋಟದ ಈ ಮೂಲೆಯ ನರ್ಸುಗಳಿಗೆ ಗೊತ್ತಿರುವ ಔಷಧ ಎರಡೇ: "ಪರವಾಗಿಲ್ಲ" ಮತ್ತು "ನೋಡೋಣ". ನಮಗೆ ಎರಡನ್ನೂ ಕೊಟ್ಟು ಕಳಿಸಿದರು.

ಮನೆಗೆ ಬಂದು ಕೌದಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಹೊಲಿಗೆಯ ಸಾಲಿನಗುಂಟ ಬಿಳಿಯ ಕುರುಚಲು ಗಡ್ಡ. ಎರಡು ಬಟ್ಟೆಗಳ ನಡುವೆ ತೆಪ್ಪಗೆ ಕೂತಿರಬೇಕಾದ ಒಳಹತ್ತಿ, ಸೂಜಿ ಮಾಡಿದ ತೂತುಗಳಿಂದ ತಲೆ ಹೊರಹಾಕಿ ಊರು ನೋಡುತ್ತಿತ್ತು. ಕೂತು ಒಂದೊಂದೇ ಎಳೆಯನ್ನು ಕಿತ್ತೆ. ಕೀಳಬಾರದಂತೆ. ಒಂದು ಎಳೆ ಹೊರಡುವಾಗ ಹಿಂದೆ ಬಂಧುಬಳಗವನ್ನೆಲ್ಲ ಕರೆದುಕೊಂಡೇ ಹೊರಡುತ್ತದೆ. ಬಟ್ಟೆಯ ಮಟ್ಟಕ್ಕೆ ಕತ್ತರಿಯಿಂದ ಕತ್ತರಿಸಿ, ಉಳಿದದ್ದನ್ನು ಬೆರಳಿನಿಂದ ಒಳಗೆ ಸವರಿಬಿಡಬೇಕಂತೆ. ಇದನ್ನು ನನಗೆ ಹೇಳಿದ್ದು ನಮ್ಮತ್ತೆ ಲವಾನ್, ನಾನು ಇಡೀ ಮಧ್ಯಾಹ್ನ ಕಿತ್ತು ಮುಗಿಸಿದ ಮೇಲೆ. ನಮ್ಮೂರಿನಲ್ಲಿ ಬುದ್ಧಿಮಾತು ಬರುವ ಹೊತ್ತೇ ಅದು.

ಈ ಕೌದಿಯ ಮೇಲುಬಟ್ಟೆಯನ್ನು ತುಂಡು ಜೋಡಿಸಿ ಮಾಡಿದವರು ಅತ್ತೆ. ಮೇಲುಬಟ್ಟೆ, ಒಳಹತ್ತಿ, ಅಡಿಬಟ್ಟೆ ಮೂರನ್ನೂ ಸೇರಿಸಿ ಮೆಷಿನ್ನಿನಲ್ಲಿ ಹೊಲಿದವರು ಆರ್ಲಿಸ್ ಕ್ವಾಮಿ. ಊರಿನ ಪ್ರತಿಯೊಂದು ಕೌದಿಯೂ ಆರ್ಲಿಸ್ ಕೈದಾಟಿಯೇ ಬರಬೇಕು. ಅದೊಂದು ಕಟ್ಟಳೆ. ಬರೆದಿಟ್ಟವರಿಲ್ಲ, ಮೀರಿದವರೂ ಇಲ್ಲ.

ಆರ್ಲಿಸ್ ನಮ್ಮ ಎದುರುಮನೆಯವರು. ಬಹಳ ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದು, ಮಕ್ಕಳ ತಟ್ಟೆಗಳಿಗೆ ಹಿಸುಕಿದ ಆಲೂಗಡ್ಡೆ ಬಡಿಸಿದವರು. ನಿವೃತ್ತರಾದ ವಾರವೇ ಉದ್ದತೋಳಿನ ಕೌದಿ ಮೆಷಿನ್ ತರಿಸಿದರು. ಮದುವೆಮಂಚದಷ್ಟು ಅಗಲದ ಚೌಕಟ್ಟು. ಅದರ ಮೇಲೆ ಹಳಿಯಲ್ಲಿ ಹಿಂದೆಮುಂದೆ ಓಡುವ ಮೆಷಿನ್. ಅದನ್ನು ಇಡಲು ಮನೆಯಲ್ಲಿ ಜಾಗವಿದ್ದದ್ದು ಗ್ಯಾರೇಜಿನಲ್ಲಿ ಮಾತ್ರ. ಹಾಗಾಗಿ ಅವರ ಗಂಡ ಡ್ವೇನ್ ತಮ್ಮ ಪಿಕಪ್ ಗಾಡಿಯನ್ನು ಹೊರಗೆ ನಿಲ್ಲಿಸಿದರು. ಉಗುಳಿದರೆ ನೆಲ ಮುಟ್ಟುವ ಮೊದಲೇ ಹೆಪ್ಪುಗಟ್ಟುವ ಈ ಊರಿನಲ್ಲಿ ಗಂಡಸೊಬ್ಬ ಹೆಂಡತಿಗಾಗಿ ಗ್ಯಾರೇಜ್ ಬಿಟ್ಟುಕೊಟ್ಟ ಎಂದರೆ, ಬೇರೆ ಕಡೆ ಜನ ತಾಜಮಹಲಿನ ಬಗ್ಗೆ ಆಡುವ ಮಾತನ್ನು ಇಲ್ಲಿ ಅದರ ಬಗ್ಗೆ ಆಡುತ್ತಾರೆ. ಡ್ವೇನ್ ಮಾತ್ರ ಏನೂ ಆಡಲಿಲ್ಲ. ಪ್ರತಿ ಬೆಳಿಗ್ಗೆ ಗಾಜಿನ ಮೇಲಿನ ಹಿಮ ಕೆರೆದರು, ಅಷ್ಟೆ.

ಆರ್ಲಿಸ್ ಅವರ ಇನ್ನೊಂದು ಪ್ರಸಿದ್ಧಿ ಅವರ ಬಾಯಿ. ಅದನ್ನು ತಿಳಿಯಬೇಕಾದರೆ ಮೊದಲು ಈ ಊರಿನ ಬಾಯಿ ಗೊತ್ತಿರಬೇಕು. ಇಲ್ಲಿ ಯಾರೂ ಯಾವುದನ್ನೂ ಚೆನ್ನಾಗಿಲ್ಲ ಎನ್ನುವುದಿಲ್ಲ. "ಬೇರೆ ಥರ ಇದೆ" ಎನ್ನುತ್ತಾರೆ. ಓವನ್ನಿನಲ್ಲಿ ಬೇಯಿಸುವ ಹಾಟ್‌ಡಿಶ್ ಎಂಬ ಅಡುಗೆ ಸೀದು ಕರಕಲಾದರೆ ಅದು ಬೇರೆ ಥರ ಇದೆ. ಪಕ್ಕದವರು ಮನೆಗೆ ನೇರಳೆ ಬಣ್ಣ ಬಳಿದರೆ ಅದು ಬೇರೆ ಥರ ಇದೆ. ನಾನು ಸಿಟಿಯಿಂದ ಮದುವೆಯಾಗಿ ಬಂದಾಗಿನಿಂದ ನನ್ನ ಅಡುಗೆ, ಕೂದಲು, ಆಮೇಲೆ ಮಗುವಿಗೆ ಪುಸ್ತಕ ನೋಡಿ ಹಾಲುಣಿಸುವ ರೀತಿ ಎಲ್ಲವೂ ಬೇರೆ ಥರ ಇದ್ದವು. ಮೊದಲ ಒಂದು ವರ್ಷ ಅದನ್ನು ಹೊಗಳಿಕೆ ಎಂದುಕೊಂಡು ಥ್ಯಾಂಕ್ಸ್ ಹೇಳಿಕೊಂಡು ತಿರುಗಿದೆ.

ಆರ್ಲಿಸ್ ಮಾತ್ರ ಇದಕ್ಕೆ ಹೊರತು. ಅವರ ತಾಯಿ ಪಕ್ಕದ ರಾಜ್ಯ ಡಕೋಟಾದವರು ಎಂದು ಜನ ಅದನ್ನು ಕ್ಷಮಿಸಿದ್ದಾರೆ. ಯಾರಾದರೂ ಮೇಲುಬಟ್ಟೆ ತಂದುಕೊಟ್ಟರೆ ಬಿಡಿಸಿ ನೋಡಿ, ಈ ಮೂಲೆ ಕುಡಿದು ಬಂದಿದೆಯಾ, ಈ ಅಂಚು ಯಾರನ್ನು ಹುಡುಕಿಕೊಂಡು ಹೊರಟಿದೆ ಎಂದು ಕೇಳುತ್ತಾರೆ. ಸಡಿಲ ನೇಯ್ಗೆಯ ಅಗ್ಗದ ಬಟ್ಟೆ ಹಾಕಿದವರಿಗೆ, ಜರಡಿ ತಂದಿದೀಯಲ್ಲ, ಹಿಟ್ಟು ಎಲ್ಲಿ ಎನ್ನುತ್ತಾರೆ. ಸಿಗ್ನಿ ಹುಟ್ಟಿದಾಗ ಕೌದಿ ಹಿಡಿದು ನಮ್ಮನೆಗೆ ಬಂದವರು, ನಾನು ಮಗುವನ್ನು ಎತ್ತಿಕೊಂಡ ರೀತಿ ನೋಡಿದರು.

"ಅದು ಗಾಜಿನ ಹೂಜಿ ಅಲ್ಲಮ್ಮ. ಸರಿಯಾಗಿ ಅವಚ್ಕೊ. ಮಕ್ಕಳು ಹೆದರೋದು ಹೆದರೋ ಕೈಗೇ."

ನನಗೆ ಅಳು ಬಂತು. ಅವರು ಕಾಫಿ ಮಾಡಿಕೊಟ್ಟರು. ಕೌದಿ ಹೊಲಿದದ್ದಕ್ಕೆ ಏನೂ ತೆಗೆದುಕೊಳ್ಳಲಿಲ್ಲ. ಊರಿನ ಚೊಚ್ಚಲ ಕೂಸುಗಳಿಗೆ ತೆಗೆದುಕೊಳ್ಳುವುದಿಲ್ಲವಂತೆ.

ಇಂಥವರು ಹೊಲಿದ ಕೌದಿಗೆ ಗಡ್ಡ ಬಂದಿದೆ ಎಂದು ಹೇಳುವವರು ಯಾರು?

ನಮ್ಮ ಚರ್ಚಿನ ನೆಲಮಾಳಿಗೆಯಲ್ಲಿ ಗುರುವಾರ ಹೆಂಗಸರು ಕೂತು ಕೌದಿ ಜೋಡಿಸುತ್ತಾರೆ. ಮಗುವನ್ನು ಕಾಲಬುಡದಲ್ಲಿ ಬಿಟ್ಟುಕೊಂಡು ನಾನೂ ಹೋಗುತ್ತಿದ್ದೆ. ನನ್ನ ಕೌದಿಯೊಂದೇ ಕೆಟ್ಟಿದೆ, ಅದು ನಾನು ಒಗೆದ ರೀತಿಯ ತಪ್ಪು ಎಂದು ನಂಬಿದ್ದೆ. ಆರ್ಲಿಸ್ ಬಾರದ ಒಂದು ಗುರುವಾರ ಮೆಲ್ಲಗೆ ವಿಷಯ ತೆಗೆದೆ. ಕತ್ತರಿಗಳು ನಿಂತವು. ಆಮೇಲೆ ತಿಳಿದದ್ದು ಇಷ್ಟು: ಡ್ವೇನ್ ತೀರಿಕೊಳ್ಳುವುದಕ್ಕೆ ಸ್ವಲ್ಪ ಮೊದಲಿನಿಂದ ಆರ್ಲಿಸ್ ಗ್ಯಾರೇಜಿನಿಂದ ಬಂದ ಒಂದೊಂದು ಕೌದಿಗೂ ಗಡ್ಡ ಬರುತ್ತಿದೆ. ಅಲ್ಲಿ ಚೌಕಟ್ಟಿನ ಮೇಲಿರುವಾಗ ಬರುವುದಿಲ್ಲ. ಮನೆಗೆ ಹೋಗಿ, ನಾಲ್ಕು ಸಲ ಹೊದ್ದು, ಎರಡು ಸಲ ಒಗೆದ ಮೇಲೆ ಬರುತ್ತದೆ. ಆರ್ಲಿಸ್ ತಮಗಾಗಿ ಒಂದನ್ನೂ ಹೊಲಿದುಕೊಂಡವರಲ್ಲ. ಅವರ ಹಾಸಿಗೆಯ ಮೇಲಿರುವುದು ಅಂಗಡಿಯ ಕಂಬಳಿ. ಹಾಗಾಗಿ ಅವರೊಬ್ಬರಿಗೇ ಗೊತ್ತಿಲ್ಲ.

ಒಬ್ಬರಿಗೆ ಒಂದು ಮಾತು ಹೇಳುವುದನ್ನು ತಪ್ಪಿಸಲು ಒಂದು ಊರು ಏನೇನು ಮಾಡಬಹುದೆಂದು ಆ ದಿನ ಕಲಿತೆ. ಎಲ್ಲರೂ ತಿಳಿಬಣ್ಣಕ್ಕೆ ತಿರುಗಿದ್ದರು. ಬಿಳಿಯ ಬಟ್ಟೆಯ ಮೇಲೆ ಬಿಳಿಯ ಗಡ್ಡ ಯಾರಿಗೆ ಕಾಣುತ್ತದೆ? ಬಟ್ಟೆ ಅಂಗಡಿಯ ಮರ್ನಾ ಕಡುನೀಲಿ, ಕಪ್ಪು ತರಿಸುವುದನ್ನೇ ನಿಲ್ಲಿಸಿದ್ದಳು. ಕಪ್ಪು ಬಟ್ಟೆಯ ಒಳಗೆ ಹಾಕಲೆಂದೇ ಬರುವ ಕಪ್ಪು ಒಳಹತ್ತಿ ಅವಳ ಅಟ್ಟದ ಮೇಲೆ ದೂಳು ತಿನ್ನುತ್ತಿತ್ತು. ಕಡುಬಣ್ಣದ ಕೌದಿ ಇದ್ದವರು ಆರ್ಲಿಸ್ ಬರುತ್ತಾರೆಂದರೆ ಅದನ್ನು ಪೆಟ್ಟಿಗೆಗೆ ತಳ್ಳಿ, ಗಡ್ಡ ಕಂಡುಬಿಟ್ಟರೆ ಬೆಕ್ಕಿನ ಕೂದಲು ಎನ್ನುತ್ತಿದ್ದರು. ಬೆಕ್ಕಿಲ್ಲದ ಒಬ್ಬಾಕೆ ಈ ಒಂದು ಸುಳ್ಳಿಗಾಗಿ ಬೆಕ್ಕು ಸಾಕಿದ್ದಳು. ನಮ್ಮತ್ತೆಯೂ ತಿಳಿಬಣ್ಣವೇ ಹಾಕುತ್ತಿದ್ದವರು. ಮೊಮ್ಮಗಳಿಗೆ ಮಾತ್ರ ಗಂಡನ ನೌಕಾದಳದ ಹಳೆಯ ಬಟ್ಟೆಯ ನೀಲಿಯೇ ಬೇಕೆಂದು ಆಸೆಪಟ್ಟಿದ್ದರು.

ಆ ಸಂಜೆ ಅವರ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತ ಕೇಳಿದೆ. ಸೂಜಿ ಮೊಂಡಾಗಿದೆಯೇ? ಅತ್ತೆ ತಲೆಯಾಡಿಸಿದರು. ಆರ್ಲಿಸ್ ಪ್ರತಿ ಕೌದಿಗೂ ಹೊಸ ಸೂಜಿ ಹಾಕುವವಳು, ಅದೂ ಸಣ್ಣ ತೂತು ಮಾಡುವ ತೆಳು ಸೂಜಿ. ಹಾಗಾದರೆ ಹತ್ತಿ ಕಳಪೆಯೇ? ಅಲ್ಲ. ಅತ್ತೆ ಒಂದು ತಟ್ಟೆಯನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಉಜ್ಜಿದರು.

"ಹತ್ತಿಗೂ ಒಂದು ಮಗ್ಗುಲು ಇರುತ್ತೆ ಕಣಮ್ಮ. ಕಾರ್ಖಾನೇಲಿ ಸಾವಿರಾರು ಸೂಜಿ ಒಂದೇ ಕಡೆಯಿಂದ ಚುಚ್ಚಿ ಅದನ್ನ ಹಾಳೆ ಥರ ಮಾಡ್ತಾರೆ. ಚುಚ್ಚಿದ ಕಡೆ ಸಣ್ಣ ಗುಳಿ, ಆಚೆ ಕಡೆ ಸಣ್ಣ ಮೊಡವೆ. ನಮ್ಮ ಸೂಜೀನೂ ಗುಳಿ ಕಡೆಯಿಂದಾನೇ ಇಳೀಬೇಕು. ಉಲ್ಟಾ ಹಾಕಿದ್ರೆ ಎಳೆ ಎಲ್ಲಾ ಆಚೆಗೆ ಬರುತ್ತೆ."

"ಅದು ಆರ್ಲಿಸ್‌ಗೆ ಗೊತ್ತಿಲ್ವಾ?"

"ಗುಳಿ ಮೇಲೆ, ಮೊಡವೆ ಕೆಳಗೆ ಅಂತ ನಮಗೆಲ್ಲ ಕಲಿಸಿದ್ದೇ ಅವಳು."

ಮತ್ತೆ ಉಲ್ಟಾ ಹೇಗಾಯಿತು? ಅತ್ತೆ ಕಿಟಕಿಯ ಕಡೆ ನೋಡಿದರು, ಅಲ್ಲಿ ಆರ್ಲಿಸ್ ಕದ್ದು ಕೇಳುತ್ತಿರಬಹುದೆಂಬಂತೆ. ಮೊದಲು ಒಳಹತ್ತಿಯ ದೊಡ್ಡ ಸುರುಳಿ ಚೌಕಟ್ಟಿನ ಕೆಳಗೆ ಇರುತ್ತಿತ್ತಂತೆ. ಆರ್ಲಿಸ್‌ಗೆ ಬಗ್ಗಿದರೆ ಸೊಂಟ ಹಿಡಿಯತೊಡಗಿತು. ಆಗ ಡ್ವೇನ್, ಕಾಯಿಲೆ ಜೋರಾಗಿದ್ದರೂ, ಗ್ಯಾರೇಜಿನ ಗೋಡೆಗೆ ಎರಡು ಕಬ್ಬಿಣದ ಕೊಕ್ಕೆ ಬಡಿದು ಸುರುಳಿಯನ್ನು ಮೇಲೆ ತೂಗುಹಾಕಿದರು. ಎಡಬಲ ನೋಡದೆ ಹಾಕಿದರು. ಅಂದಿನಿಂದ ಹತ್ತಿ ಮೊಡವೆ ಕಡೆ ಮೇಲಾಗಿ ಇಳಿಯುತ್ತಿದೆ. ಆರ್ಲಿಸ್ ಹಳೆಯ ರೂಢಿಯಂತೆ ಎಳೆದು ಹಾಸುತ್ತಾರೆ, ಮುಟ್ಟಿ ನೋಡುವುದಿಲ್ಲ. ಆ ಮನುಷ್ಯ ಸಾಯುವ ಮೊದಲು ಕೈಯಾರೆ ಮಾಡಿದ ಕೊನೆಯ ಕೆಲಸ ಅದು.

"ಈಗ ನೀನು ಹೇಳು," ಎಂದರು ಅತ್ತೆ. "ನಿನ್ನ ಗಂಡ ಕೊನೇದಾಗಿ ಮಾಡಿಕೊಟ್ಟಿದ್ದು ತಪ್ಪಾಗಿದೆ ಅಂತ ಯಾವ ಬಾಯಲ್ಲಿ ಹೇಳೋದು?"

ಮನೆಗೆ ಬಂದು ಮಗುವಿನ ಕೌದಿಯನ್ನು ಕಪಾಟಿನ ಮೇಲಕ್ಕೆ ಹಾಕಿದೆ. ಒಂದು ಕೌದಿಗೆ ಗಡ್ಡ ಬಂದರೆ ಪ್ರಪಂಚ ಮುಳುಗುವುದಿಲ್ಲ ಎಂದು ಗಂಡ ಟ್ರೆವರ್ ಕೂಡ ಹೇಳಿದ. ಇವನ ಪ್ರಪಂಚ ಮುಳುಗಿದರೂ "ಸ್ವಲ್ಪ ಒದ್ದೆಯಾಗಿದೆ" ಎನ್ನುವವನು.

ವಿಷಯ ಅಲ್ಲಿಗೇ ನಿಂತಿರುತ್ತಿತ್ತು. ಆದರೆ ಫೆಬ್ರವರಿಯ ಒಂದು ಗುರುವಾರ ಆರ್ಲಿಸ್ ನೆಲಮಾಳಿಗೆಗೆ ಒಂದು ಬಟ್ಟೆಗಂಟು ತಂದು ಮೇಜಿನ ಮೇಲೆ ಬಿಚ್ಚಿದರು. ಇಷ್ಟು ವರ್ಷಗಳಲ್ಲಿ ಮೊದಲ ಸಲ ತಮಗೆಂದು ಮಾಡಿಕೊಂಡ ಮೇಲುಬಟ್ಟೆ. ಎಲ್ಲವೂ ಡ್ವೇನ್ ಬಟ್ಟೆಗಳು: ಮದುವೆಗೂ ಮಣ್ಣಿಗೂ ಹಾಕುತ್ತಿದ್ದ ಒಂದೇ ಕರಿ ಸೂಟು, ಕೊಟ್ಟಿಗೆಯ ಕಂದು ಕೋಟು, ಕಡುನೀಲಿ ಕೆಲಸದಂಗಿಗಳು. ತಿಳಿಬಣ್ಣದ ಒಂದು ಚೂರೂ ಇಲ್ಲ. ಡ್ವೇನ್ ತಿಳಿಬಣ್ಣ ತೊಟ್ಟವರಲ್ಲ. ಅಂಗಿಗಳು ತೊಟ್ಟೂ ತೊಟ್ಟೂ ಸವೆದು, ನೇಯ್ಗೆ ಜಾಳಾಗಿ, ಎಳೆ ಹೊರಬರಲು ಬಾಗಿಲು ತೆರೆದಿಟ್ಟಂತಿದ್ದವು. ಸೋಮವಾರ ಚೌಕಟ್ಟಿಗೆ ಏರಿಸುತ್ತೇನೆ ಎಂದರು ಆರ್ಲಿಸ್. ನಡುವಿನ ಒಂದು ತುಂಡಿನಲ್ಲಿ ಅಂಗಿಯ ಜೇಬನ್ನು ಹಾಗೆಯೇ ಉಳಿಸಿದ್ದರು. ಅದರ ಅಂಚನ್ನು ಹೆಬ್ಬೆರಳಿನಿಂದ ಒಮ್ಮೆ ನೇವರಿಸಿ, ನಾವು ನೋಡಿದೆವೆಂದು ಗೊತ್ತಾಗಿ ಕೈ ತೆಗೆದರು.

"ಏನು ಎಲ್ರೂ ಸತ್ತೋರ ಥರ ಕೂತಿದೀರಿ? ಅಂಚು ಸೊಟ್ಟಗಿದ್ರೆ ಹೇಳಿ."

ಅಂಚು ನೂಲು ಹಿಡಿದಂತೆ ನೇರವಾಗಿತ್ತು. ಚೆನ್ನಾಗಿದೆ ಎಂದರು ಅತ್ತೆ. ತುಂಬ ಚೆನ್ನಾಗಿದೆ ಎಂದಳು ಮರ್ನಾ. ಕಾಫಿ ಇನ್ನಷ್ಟು ಬೇಕೇ ಎಂದು ಕೇಳಿದಳು ಬೆಕ್ಕು ಸಾಕಿದವಳು. ಆರ್ಲಿಸ್ ಗಂಟು ಕಟ್ಟಿಕೊಂಡು ಹೋದರು.

ಹೋದ ಮೇಲೆ ಸಭೆ ಸೇರಿತು. ಬೇರೆಯವರ ಕೌದಿಯಾದರೆ ಇನ್ನೊಂದು ಜೋಡಿಸಬಹುದು. ಇದಕ್ಕೆ ಇನ್ನೊಂದು ಇಲ್ಲ. ಡ್ವೇನ್ ಬಿಟ್ಟುಹೋದ ಬಟ್ಟೆ ಪೂರ್ತಿ ಮುಗಿದಿತ್ತು. ಹೊಲಿದು ಬಿಚ್ಚೋಣವೆಂದರೆ ಆ ಸವೆದ ಅಂಗಿಗಳಲ್ಲಿ ಸೂಜಿಯ ತೂತೇ ಉಳಿಯುತ್ತದೆ. ಹೇಳಲೇಬೇಕು ಎಂದು ಎಲ್ಲರೂ ಒಪ್ಪಿದರು. ಯಾರು ಎಂಬ ಸಣ್ಣ ಪ್ರಶ್ನೆಯೊಂದು ಉಳಿಯಿತು.

ಪಾಸ್ಟರಿಗೆ ವಹಿಸಿದರು. ಅವರು ಧೈರ್ಯವಂತರು, ಭಾನುವಾರ ಇಡೀ ಪ್ರವಚನವನ್ನೇ ಇದಕ್ಕೆ ಮೀಸಲಿಟ್ಟರು: ನಾವು ಮಾಡುವ ಕೆಲಸದಲ್ಲಿ ನಮಗೇ ಕಾಣದ ದೋಷವಿರಬಹುದು, ಒಳಗೆ ಅಡಗಿದ್ದು ಒಂದು ದಿನ ಹೊರಗೆ ಬಂದೇ ಬರುತ್ತದೆ ಎಂದರು. ಒಳಗೆ ಎಂದಾಗ ಎರಡು ಸಲ ಆರ್ಲಿಸ್ ಕಡೆ ನೋಡಿದರಂತೆ. ಆರ್ಲಿಸ್ ಬಾಗಿಲಲ್ಲಿ ಅವರ ಕೈಕುಲುಕಿ, ಒಳ್ಳೆಯ ಮಾತು ಹೇಳಿದಿರಿ, ಇದು ಲವಾನ್‌ಗೆ ಬೇಕಾಗಿತ್ತು ಎಂದು ಹೊರಟರು.

ಅದೇ ಸಂಜೆ ಮರ್ನಾ ಅಟ್ಟದಿಂದ ಕಪ್ಪು ಒಳಹತ್ತಿಯ ಕಟ್ಟೊಂದನ್ನು ಇಳಿಸಿ, ಹೆಸರಿಲ್ಲದೆ ಆರ್ಲಿಸ್ ಮೆಟ್ಟಿಲ ಮೇಲೆ ಇಟ್ಟು ಓಡಿಬಂದಳು. ಉಲ್ಟಾ ಆದರೂ ಕಪ್ಪಿನ ಮೇಲೆ ಕಪ್ಪು, ಕಾಣುವುದಿಲ್ಲ ಎಂಬ ಲೆಕ್ಕ. ಉಪಾಯ ಕೆಟ್ಟದ್ದೇನಲ್ಲ. ಆದರೆ ಆರ್ಲಿಸ್ ಅದನ್ನು ಯಾರೋ ಚರ್ಚಿನ ದಾನಕ್ಕೆ ಬಿಟ್ಟಿದ್ದಾರೆಂದುಕೊಂಡು, ಕಾರಿನಲ್ಲಿ ಹಾಕಿಕೊಂಡು ಹೋಗಿ ದಾನದ ಪೆಟ್ಟಿಗೆಯಲ್ಲಿ ಇಟ್ಟು ಬಂದರು. ಜೊತೆಗೆ ತಮ್ಮದೊಂದು ಸ್ವೆಟರನ್ನೂ ಹಾಕಿದರು.

ಸೋಮವಾರ ಬೆಳಗಾಯಿತು. ನಮ್ಮ ಅಡುಗೆಮನೆಯ ಕಿಟಕಿಯಿಂದ ಆರ್ಲಿಸ್ ಗ್ಯಾರೇಜ್ ನೇರ ಕಾಣುತ್ತದೆ. ಡ್ವೇನ್ ಪಿಕಪ್ ಈಗಲೂ ಹೊರಗೇ ನಿಂತಿದೆ, ಹಿಮದ ದಿಬ್ಬದಂತೆ. ಗ್ಯಾರೇಜಿನ ದೀಪ ಹತ್ತಿತು. ಟ್ರೆವರ್ ಕೆಲಸಕ್ಕೆ ಹೋಗಿಯಾಗಿತ್ತು. ಸಿಗ್ನಿ ಎತ್ತರದ ಕುರ್ಚಿಯಲ್ಲಿ ಕೂತು ಗಂಜಿಯನ್ನು ಕಿವಿಗೆ ತಿನ್ನಿಸುತ್ತಿದ್ದಳು. ಅತ್ತೆಗೆ ಫೋನ್ ಮಾಡಿದೆ. ಹೇಳಬೇಕಾಗಿತ್ತು, ಅಲ್ವಾ ಎಂದರು. ಮರ್ನಾಗೆ ಮಾಡಿದೆ. ಯಾರಾದ್ರೂ ಹೇಳಬಹುದಿತ್ತು ಎಂದಳು. ಈ ಊರಿನ ಹೆಂಗಸರು ಸತ್ತಮನೆಗೆ ಮೊದಲು ಓಡುತ್ತಾರೆ, ತಿಂಗಳುಗಟ್ಟಲೆ ತಟ್ಟೆ ತುಂಬಿ ಕಳಿಸುತ್ತಾರೆ, ಹಿಮ ಎತ್ತಿ ದಾರಿ ಮಾಡಿಕೊಡುತ್ತಾರೆ. ಒಂದು ವಾಕ್ಯ ಮಾತ್ರ ಎತ್ತಲಾರರು.

ನನಗೆ ಹೊಳೆಯುತ್ತಿದ್ದದ್ದು ಕೆಟ್ಟದ್ದೇ. ಹೇಳಿದರೆ ಎದುರುಮನೆಯ ಬಾಗಿಲು ಮುಚ್ಚುತ್ತದೆ. ಸಿಟಿಯ ಸೊಸೆ, ಬಾಯಿ ಬಡುಕಿ, ಸತ್ತವನ ತಪ್ಪು ಹುಡುಕಿದಳು ಎಂದಾಗುತ್ತದೆ. ಹೇಳದಿದ್ದರೆ ಬೇಸಿಗೆಯ ಹೊತ್ತಿಗೆ ಆ ಮುದುಕಿ ಗಂಡನ ಅಂಗಿಯ ಮೇಲೆ ಮಲಗೆದ್ದು, ಆ ಜೇಬಿನ ಸುತ್ತ ಬಿಳಿ ಕೂದಲು ಬೆಳೆಯುವುದನ್ನು ನೋಡುತ್ತಾರೆ. ಆ ಹೊತ್ತಿಗೆ ನಾವೆಲ್ಲ ಸುತ್ತ ನಿಂತು ಬೆಕ್ಕು ಎನ್ನುತ್ತೇವೆ. ಗ್ಯಾರೇಜಿನ ಕಿಟಕಿಯಲ್ಲಿ ಆರ್ಲಿಸ್ ನೆರಳು ಕೈಯೆತ್ತಿ ಗೋಡೆಯಿಂದ ಏನನ್ನೋ ಉದ್ದಕ್ಕೆ ಎಳೆಯಿತು.

ಫೋನ್ ಎತ್ತಿದೆ.

ಗ್ಯಾರೇಜಿನ ಗೋಡೆಯ ಫೋನನ್ನು ಅವರು ನಿಧಾನವಾಗಿ ಎತ್ತಿಕೊಂಡರು. ನಾನು ಮೇರೆನ್, ಎದುರುಮನೆ ಎಂದೆ. ಮಗು ಹುಷಾರಾಗಿದೆಯೇ ಎಂದು ಕೇಳಿದರು. ಹುಷಾರಾಗಿದ್ದಾಳೆ ಎಂದೆ. ಆಮೇಲೆ ಚಳಿ ಬಹಳ, ಅಲ್ವಾ ಎಂದೆ. ಇಷ್ಟು ವರ್ಷದಲ್ಲಿ ಈ ಊರು ನನಗೆ ಇಷ್ಟನ್ನಾದರೂ ಕಲಿಸಿತ್ತು.

"ಚಳಿ ವಿಷಯಕ್ಕೆ ರೇಡಿಯೋ ಇದೆಯಮ್ಮ. ನಿಂಗೇನು ಬೇಕು?"

"ಹೊಲಿಗೆ ಶುರು ಮಾಡಿದ್ರಾ?"

"ಪಿನ್ ಹಾಕ್ತಿದೀನಿ."

"ಮಾಡ್ಬೇಡಿ. ಹತ್ತಿ ಉಲ್ಟಾ ಇದೆ. ನಿಮ್ಮ ಕೌದಿಗಳಿಗೆಲ್ಲ ಗಡ್ಡ ಬರ್ತಿದೆ ಆರ್ಲಿಸ್. ಸಿಗ್ನಿದಕ್ಕೂ ಬಂದಿದೆ. ಎಲ್ಲರದ್ದಕ್ಕೂ."

ಫೋನನ್ನು ಯಾವುದೋ ಮರದ ಮೇಲೆ ಇಟ್ಟ ಸದ್ದಾಯಿತು. ಬಟ್ಟೆ ಮಗುಚಿದ ಸದ್ದು. ಅವರು ಅಂಗೈಯಿಂದ ಹತ್ತಿಯನ್ನು ಸವರುತ್ತಿರಬೇಕು, ಕುರುಡರು ಮುಖ ಸವರುವ ಹಾಗೆ. ಫೋನ್ ಮತ್ತೆ ಮೇಲೆ ಬಂತು.

"ಮೊಡವೆ," ಎಂದರು.

"ಹೌದು."

"ಯಾವಾಗಿಂದ?"

"ಸುರುಳಿ ಗೋಡೆಗೆ ಹೋದಾಗಿಂದ."

ಅದನ್ನು ಗೋಡೆಗೆ ಹಾಕಿದವರು ಯಾರೆಂದು ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಯಾರ್ಯಾರಿಗೆ ಗೊತ್ತು ಎಂದು ಕೇಳಿದರು. ಎಲ್ಲರಿಗೂ ಎಂದೆ. ಲವಾನ್‌ಗೆ? ಲವಾನ್‌ಗೂ. ಪಾಸ್ಟರಿಗೆ? ಅದಕ್ಕೆ ಉತ್ತರ ಕೊಡುವ ಮೊದಲೇ ಅವರಿಗೆ ಭಾನುವಾರ ನೆನಪಾಯಿತೆಂದು ಕಾಣುತ್ತದೆ, ಮೂಗಿನಲ್ಲೊಂದು ಸದ್ದು ಬಂತು. ನಗುವೋ ಅಳುವೋ ಗೊತ್ತಾಗಲಿಲ್ಲ. ಎರಡಕ್ಕೂ ನಾನು ಸಿದ್ಧಳಿರಲಿಲ್ಲ. ನನ್ನನ್ನು ಕ್ಷಮಿಸಿ ಎಂದೆ.

"ನಿಂಗ್ಯಾಕೆ ಕ್ಷಮೆ?" ಎಂದರು. "ಆ ಮನುಷ್ಯನಿಗೆ ಬಚ್ಚಲಮನೆ ಪೇಪರ್ ಸುರುಳೀನೇ ಸರಿಯಾಗಿ ಹಾಕೋಕೆ ಬರ್ತಿರ್ಲಿಲ್ಲ. ಮದುವೆಯಾದಾಗಿಂದ ನಾನು ಹಿಂದೆ ಹೋಗಿ ತಿರುಗಿಸಿ ತಿರುಗಿಸಿ ಇಡ್ತಿದ್ದೆ. ಇದೊಂದನ್ನ ನೋಡ್ಲಿಲ್ಲ ನೋಡು."

"ಈಗ ಏನ್ಮಾಡ್ತೀರಿ?"

"ಕೊಕ್ಕೆ ತೆಗೆಯಲ್ಲ. ಕೊಕ್ಕೆ ಏನೂ ಮಾಡಿಲ್ಲ. ಸುರುಳಿ ಇಳಿಸಿ ಎಡ-ಬಲ ಬದಲಾಯಿಸ್ಬೇಕು, ಅಷ್ಟೆ. ಆದ್ರೆ ಒಬ್ಬಳ ಕೈಲಿ ಆಗಲ್ಲ, ಭಾರ ಇದೆ." ಆಮೇಲೆ ಅಂದರು, "ಮಗೂಗೆ ಟೋಪಿ ಹಾಕ್ಕೊಂಡು ಬಾ. ಬಾಗಿಲು ತೆಗೆದಿರ್ತೀನಿ."